ಮುದಕವ್ವನ ಬೈಗುಳ

ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ಕೂಲಿಯವರಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವ ಮುದಕವ್ವನಿಗೆ ಬೈಗುಳದಲ್ಲಿ ಭಾರೀ ಮಡಿ. "ನಿನ್ನ ಬಾಯಾಗ ಮಣ್ಣ ಹಾಕ" ಎಂಬಂಥದ್ದೆಲ್ಲ ಅವಳಿಗೆ ಸಂತೆಯ ಮಾಲು. "ಬೈಗಳಂದ್ರ ಅಂಗಿ ಇದ್ದಂಗ, ಅವರವರ ಅಳತಿಗೆ ಹೊಲೀಬೇಕು" ಎನ್ನುವಳು. ಜಗಳ ಕಾವೇರಿದಾಗ "ತಡೀರಿ, ಶಬ್ದ ಇನ್ನಾ ಬಂದಿಲ್ಲ" ಎಂದು ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಹುಡುಕುವಳು. ಬೈಸಿಕೊಳ್ಳಬೇಕಾದವನು ಮರ್ಯಾದೆಯಿಂದ ಕಟ್ಟೆಯ ಮೇಲೆ ಕಾಯುವನು. ಶನಿವಾರದ ಜಗಳಕ್ಕೆ ಮಂಗಳವಾರ ಶಬ್ದ ಸಿಕ್ಕಿದ್ದೂ ಉಂಟು. ಸುಮ್ಮನೆ ಎಗರಾಡುವ ಮೇಸ್ತ್ರಿಗೆ ಅವಳು "ಹಸೀ ಬಿದಿರ, ಬರೇ ಹೊಗಿ, ಉರಿ ಇಲ್ಲ" ಎಂದಮೇಲೆ ಅವನ ಹೆಂಡತಿಯೂ ಅವನನ್ನು ಹಸೀ ಬಿದಿರೆಂದೇ ಕರೆಯತೊಡಗಿದಳು. ಶಬ್ದ ಸಿಗದೆ ಉಳಿದವನು ಒಬ್ಬನೇ: ಎಂಟು ದಿನದಲ್ಲಿ ಬರುತ್ತೇನೆಂದು ಗೋವಾಕ್ಕೆ ಹೋಗಿ ಐದು ವರ್ಷ ಪತ್ತೆಯಿಲ್ಲದ ಗಂಡ ಪರಸಪ್ಪ. "ಅವಂಗ ದೊಡ್ಡದು ಬೇಕು, ಹುಡುಕಾಕತ್ತೇನಿ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವನು ಬಂದು ಬಾಗಿಲಲ್ಲಿ ನಿಂತ. ಕೇಳಲೆಂದು ಓಣಿಗೆ ಓಣಿಯೇ ನೆರೆಯಿತು. ಮುದಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಫಾರೆಸ್ಟ್ ಸಾಹೇಬನನ್ನೂ ಏಕವಚನದಲ್ಲಿ ಜಾಡಿಸಿದ್ದವಳು "ಭಾಳ ಸೊರಗೀರಿ" ಎಂದಳು. ಅವನು ಒಳಗೆ ಉಣ್ಣಲು ಕೂತಾಗ ಪಕ್ಕದ ಮನೆಯ ಮಾಲವ್ವ ನಿರಾಸೆಯಿಂದ, "ಐದು ವರ್ಷ ಹುಡಿಕಿದ್ದು ಇದ ಏನವಾ?" ಎಂದು ಕೇಳಿದಳು. "ಹಸದ ಬಂದಾಂವಗ ಬೈದರ ಹತ್ತೂದಿಲ್ಲವಾ. ಮೊದಲ ಉಂಡು ಒಂದೀಟು ಮೈ ತುಂಬ್ಲಿ" ಎಂದು ಮುದಕವ್ವ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು.