ಉಡಿಗೆ ಬಿದ್ದ ಸಾಬೂನು

ಶಹಾಬಾದಿನಿಂದ ವಾಡಿ, ಚಿತ್ತಾಪುರದ ಮೇಲೆ ಸೇಡಂಗೆ ಹೋಗುವ ಬಸ್ಸಿನಲ್ಲಿ ನಾನು ಲೇಡಿ ಕಂಡಕ್ಟರು. ಮುಖ ನೋಡಿದರೆ ಸಾಕು, ಯಾರು ಆಸ್ಪತ್ರೆಗೆ, ಯಾರು ಕೋರ್ಟಿಗೆ, ಯಾರು ಹೆಣ್ಣು ನೋಡಲು ಹೊರಟಿದ್ದಾರೆಂದು ಹೇಳಬಲ್ಲೆ. ಈಚೆಗೆ ಇನ್ನೊಂದು ಜಾತಿಯ ಪ್ರಯಾಣಿಕರು ಸೇರಿಕೊಂಡಿದ್ದಾರೆ. ಮದುವೆಗೆ ಉಡುವ ಸೀರೆ ಉಟ್ಟು, ಮಡಿಲಲ್ಲಿ ಹೊಳೆಯುವ ಚೀಲ ಇಟ್ಟುಕೊಂಡು, ಪಕ್ಕದವಳಿಗೆ ಮಂಡಿನೋವು ಇದೆಯೇ ಎಂದು ವಿಚಾರಿಸುವವರು. ವಾಡಿ ಬರುವುದರೊಳಗೆ ಮಂಡಿನೋವಿಗೆ ಚೀಲದಿಂದ ಪುಡಿ ಹೊರಬಂದಿರುತ್ತದೆ. ಚಿತ್ತಾಪುರ ಬರುವುದರೊಳಗೆ, "ನೀವೂ ಸೇರ್ಕೋರಿ ಅಕ್ಕಾ, ನಿಮ್ಮ ಕೆಳಗ ನಾಕು ಮಂದಿ ಬಂದ್ರ ಸಾಕು," ಎನ್ನುವಲ್ಲಿಗೆ ಮಾತು ಮುಟ್ಟಿರುತ್ತದೆ. ಇವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಇವರ ಸವಾರಿಗೆ ದಿನವೂ ನಾನೇ ಸೊನ್ನೆಯ ಟಿಕೆಟ್ ಕೊಡಬೇಕು, ಅದು ಬೇರೆ ಉರಿ.

ನನ್ನ ಅಕ್ಕ ಇಂಥದ್ದೊಂದು ಕಂಪನಿಯಲ್ಲಿದ್ದಳೆಂದು ಗೊತ್ತಿರುವವರು ಕೆಲವರು, ಸೇರುವ ಮೊದಲು ಏನು ತಿಳಿದುಕೊಂಡಿರಬೇಕು ಎಂದು ನನ್ನನ್ನು ಕೇಳುತ್ತಾರೆ. ಲಾಭದ ಲೆಕ್ಕ ಹೇಳಲು ನಾನು ಹೋಗುವುದಿಲ್ಲ. ಅದನ್ನು ಬಾಯಿಪಾಠ ಒಪ್ಪಿಸುವವರು ಅವರಲ್ಲೇ ಬೇಕಾದಷ್ಟಿದ್ದಾರೆ. ನಾನು ಅಕ್ಕನ ಮಗಳ ಕುಬಸದ, ಅಂದರೆ ಸೀಮಂತದ, ಸಂಗತಿ ಹೇಳುತ್ತೇನೆ.

ಅಕ್ಕನ ಮನೆ ಶಹಾಬಾದಿನಲ್ಲಿ, ಫರಸಿ ಕಲ್ಲು ಪಾಲಿಶ್ ಮಾಡುವ ಯಂತ್ರಗಳ ಸದ್ದು ಹಗಲೆಲ್ಲ ಕೇಳುವ ಓಣಿಯಲ್ಲಿದೆ. ಭಾವ ಅಂಥದೇ ಒಂದು ಯಂತ್ರದ ಮುಂದೆ ದುಡಿಯುತ್ತಾರೆ. ಅಕ್ಕ ಓದಿದವಳಲ್ಲ, ದುಡ್ಡಿದ್ದವಳೂ ಅಲ್ಲ. ಆದರೆ ಆ ಓಣಿಯಲ್ಲಿ ಅವಳಿಗಿದ್ದ ಮಾನ ಯಾವ ಸಾಹುಕಾರನ ಹೆಂಡತಿಗೂ ಇರಲಿಲ್ಲ. ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ಓಡುವವಳು ಇವಳು. ಯಾರ ಮನೆಯ ಕಾರ್ಯವಾದರೂ ಉಡಿ ತುಂಬಲು ಇವಳ ಕೈಯೇ ಬೇಕು. ಸೆರಗೊಡ್ಡಿ ಕುಳಿತವಳ ಉಡಿಗೆ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅಡಿಕೆ, ರವಿಕೆಯ ಕಣ ಹಾಕಿ, ಕೆನ್ನೆ ಸವರಿ ನೆಟಿಕೆ ಮುರಿಯುತ್ತಿದ್ದಳು. ಉಡಿಗೆ ಬಿದ್ದದ್ದನ್ನು ನಮ್ಮಲ್ಲಿ ಯಾರೂ ಅಲ್ಲೇ ಬಗ್ಗಿ ನೋಡುವುದಿಲ್ಲ, ಬೇಡ ಅನ್ನುವುದಿಲ್ಲ, ವಾಪಸು ಕೊಡುವ ಮಾತಂತೂ ಇಲ್ಲವೇ ಇಲ್ಲ. ಗಂಟು ಕಟ್ಟಿಕೊಂಡು ಹೋಗಿ ಮನೆಯಲ್ಲಿ ದೇವರ ಮುಂದೆ ಬಿಚ್ಚುತ್ತಾರೆ.

ಅಕ್ಕನನ್ನು ಕಂಪನಿಗೆ ಸೇರಿಸಿದವಳು ವಾಡಿಯಿಂದ ಬಿಳಿ ಕಾರಿನಲ್ಲಿ ಬರುತ್ತಿದ್ದ ಒಬ್ಬ ಮೇಡಂ. ಓಣಿಯಲ್ಲಿ ಅಂಗಡಿ ಇಟ್ಟವರಿದ್ದರು, ಬಾಯಿ ಜೋರಿದ್ದವರಿದ್ದರು. ಅವರನ್ನೆಲ್ಲ ಬಿಟ್ಟು ಆಕೆ ಅಕ್ಕನ ಕಟ್ಟೆಗೇ ಬಂದು ಕುಳಿತಳು. ಯಾಕೆಂದು ನನಗೆ ಹೊಳೆಯುವ ಹೊತ್ತಿಗೆ ಕೆಲಸ ಕೆಟ್ಟಿತ್ತು. ಈ ಮಂದಿ ಮಾರಲು ಬಲ್ಲವರನ್ನು ಹುಡುಕುವುದಿಲ್ಲ. ಯಾರಿಗೆ ಊರಿನವರು ಇಲ್ಲ ಅನ್ನಲಾರರೋ ಅವರನ್ನು ಹುಡುಕುತ್ತಾರೆ. ನನ್ನನ್ನು ಕೇಳಿದರೆ, ಸೇರುವ ಮೊದಲು ತಿಳಿಯಬೇಕಾದದ್ದು ಇದೇ. ಮಾರಾಟಕ್ಕಿರುವುದು ಸಾಬೂನು ಅಲ್ಲ, ನಿಮ್ಮ ಮೇಲೆ ಮಂದಿ ಇಟ್ಟಿರುವ ಮಾನ.

ಒಮ್ಮೆ ಅಕ್ಕನ ಒತ್ತಾಯಕ್ಕೆ ಚಿತ್ತಾಪುರದ ಒಂದು ಮದುವೆ ಹಾಲಿನಲ್ಲಿ ನಡೆದ ಅವರ ಮೀಟಿಂಗಿಗೂ ಹೋಗಿದ್ದೆ. ನಮ್ಮ ಕಡೆಯ ಬಿಸಿಲಿನಲ್ಲಿ ಕೋಟು ಹಾಕಿಕೊಂಡ ಒಬ್ಬ ಮನುಷ್ಯ ವೇದಿಕೆಯ ಮೇಲೆ ಬೆವರುತ್ತ, ಕನಸು ಕಾಣುವವರೆಲ್ಲ ಕೈ ಎತ್ತಿ ಅಂದ. ಎಲ್ಲರೂ ಎತ್ತಿದರು, ಅಕ್ಕನೂ ಎತ್ತಿದಳು. ನಾನು ಎದ್ದು ನಿಂತು ಕೇಳಿದೆ: "ಎಲ್ಲಾರೂ ಮಾರವರೇ ಆದ್ರ ತೊಗೊಳ್ಳವರು ಯಾರ್ರಿ ಸರ?"

ಆತ ನಕ್ಕ. "ನೋಡ್ರಿ, ಇಂಥಾ ನೆಗೆಟಿವ್ ಮಂದಿ ಪ್ರತಿ ಮನ್ಯಾಗೂ ಒಬ್ರು ಇರ್ತಾರ. ಅವರಿಂದ ದೂರ ಇರ್ರಿ," ಅಂದ. ಹಾಲಿನ ತುಂಬ ಚಪ್ಪಾಳೆ. ಅಕ್ಕ ನನ್ನ ಪಕ್ಕದಿಂದ ಎದ್ದು ಹೋಗಿ ಮೇಡಂ ಪಕ್ಕದಲ್ಲಿ ಕುಳಿತಳು. ನನಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು.

ಆಮೇಲೆ ಅಕ್ಕನ ಮನೆಯಲ್ಲಿ ಡಬ್ಬಗಳು ತುಂಬಿದವು. ಕಂಪನಿಯಲ್ಲಿ ತನ್ನ ಮಟ್ಟ ಉಳಿಸಿಕೊಳ್ಳಲು ತಿಂಗಳು ತಿಂಗಳು ತಾನೇ ಮಾಲು ಕೊಳ್ಳಬೇಕಂತೆ. ಕಾಳಿನ ಡಬ್ಬಿ ಇಡುವ ನಾಗಂದಿಗೆಯ ಮೇಲೆ ಶಕ್ತಿಪುಡಿ, ಮಂಚದ ಕೆಳಗೆ ಹಲ್ಲುಪುಡಿ ಮತ್ತು ಸಾಬೂನು. ಭಾವ ಡಬ್ಬ ಸರಿಸಿ ಮಲಗುತ್ತಿದ್ದರು. ಅಕ್ಕ ಚಿಂಚೋಳಿ ದಾಟಿ ಕುಂಚಾವರಂನ ನಮ್ಮ ಚಿಕ್ಕಮ್ಮನ ಮನೆಗೂ ಚೀಲ ಹೊತ್ತಳು. ಆ ಗಡಿಯ ಕಡೆ ತೆಲುಗು ಬೆರೆತ ಮಾತು. ಮುದುಕಿ "ವದ್ದು ತಲ್ಲಿ, ವದ್ದು," ಬೇಡ ತಾಯಿ ಬೇಡ, ಎಂದು ಕೈ ಮುಗಿದರೂ ಬಿಡದೆ, ಹಲ್ಲೇ ಇಲ್ಲದವಳಿಗೆ ಹಲ್ಲುಪುಡಿ ಕೊಟ್ಟು ಬಂದಳು.

ಇಷ್ಟೆಲ್ಲ ನಾನು ಸಹಿಸಿಕೊಂಡಿದ್ದೆ. ಶ್ರಾವಣದ ಒಂದು ಶುಕ್ರವಾರ ಅಕ್ಕ ಓಣಿಯ ಹೆಂಗಸರನ್ನು ಉಡಿ ತುಂಬಲು ಕರೆದಳು. ಎಲ್ಲರೂ ಖುಷಿಯಿಂದ ಬಂದು, ಉಡಿ ತುಂಬಿಸಿಕೊಂಡು ಹೋದರು. ಮನೆಗೆ ಹೋಗಿ ಬಿಚ್ಚಿದಾಗ ಅಕ್ಕಿ, ಕೊಬ್ಬರಿಯ ನಡುವೆ ಒಂದೊಂದು ಸಾಬೂನು. ಪಾಪ, ಉಡುಗೊರೆ ಅಂದುಕೊಂಡರು. ವಾರ ಕಳೆದ ಮೇಲೆ ಅಕ್ಕ ಮನೆಮನೆಗೆ ಹೋದಳು. "ಸಾಬೂನು ಹ್ಯಾಂಗ ಅದರಿ? ಚಲೋ ಅದ ಇಲ್ಲ? ರೊಕ್ಕ ಈ ತಿಂಗಳೇ ಕೊಟ್ರ ನಂಗ ಅನುಕೂಲ ಆಗ್ತದ." ಉಡಿಗೆ ಬಿದ್ದದ್ದು, ವಾಪಸು ಕೊಡುವಂತಿಲ್ಲ. ಎಲ್ಲರೂ ಕೊಟ್ಟರು. ಈ ಉಪಾಯ ಮೇಡಂ ಹೇಳಿಕೊಟ್ಟದ್ದಂತೆ. ಆಕೆಯೂ ಉಡಿ ತುಂಬಿಸಿಕೊಂಡೇ ಬೆಳೆದ ಹೆಣ್ಣು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ.

ಪಕ್ಕದ ಮನೆಯ ಮುಸ್ಲಿಂ ಮುದುಕಿಯನ್ನು ನಾವೆಲ್ಲ ಆಪಾ ಅನ್ನುತ್ತೇವೆ. ಅಕ್ಕನ ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ಅವರೇ. ಪ್ರತಿ ರಂಜಾನಿಗೆ ಅವರ ಮನೆಯಿಂದ ಹಾಲು ಶಾವಿಗೆಯ ಸುರಕುಂಬಾದ ಡಬ್ಬಿ ಬರುತ್ತದೆ, ಖಾಲಿ ಕಳಿಸಬಾರದೆಂದು ಅಕ್ಕ ಸಕ್ಕರೆಯನ್ನೋ ಹೋಳಿಗೆಯನ್ನೋ ಹಾಕಿ ಕಳಿಸುತ್ತಿದ್ದಳು. ಆ ವರ್ಷ ಡಬ್ಬಿಯಲ್ಲಿ ಶಕ್ತಿಪುಡಿಯ ಪೊಟ್ಟಣ ಹಾಕಿ ಕಳಿಸಿದಳು. ಆಪಾ ದುಡ್ಡನ್ನೂ ಕೊಟ್ಟರು, ಅಕ್ಕನ ಜೊತೆ ಮಾತನ್ನೂ ಬಿಡಲಿಲ್ಲ. ಮುಂದಿನ ರಂಜಾನಿಗೆ ಮಾತ್ರ ಡಬ್ಬಿ ಬರಲಿಲ್ಲ.

"ನಿನಗ ಏನರ ಬುದ್ಧಿ ಅದನ? ಉಡಿ ತುಂಬಿ ರೊಕ್ಕ ಕೇಳ್ತಾರೇನ?" ಎಂದು ನಾನು ಬಾಯಿ ಮಾಡಿದರೆ ಅಕ್ಕ, "ನೀ ನೆಗೆಟಿವ್," ಅಂದಳು. ಅವಳ ಬಾಯಲ್ಲಿ ಆ ಕೋಟಿನವನ ಮಾತು ಕೇಳಿ ನಾನು ಹೊರಗೆ ಬಂದುಬಿಟ್ಟೆ.

ಅಕ್ಕನಿಗೆ ಇರುವುದು ಒಬ್ಬಳೇ ಮಗಳು. ಅಳಿಯ ಸೇಡಂ ಹತ್ತಿರದ ಕೋಡ್ಲಾದಲ್ಲಿ ಕೆಲಸಕ್ಕಿದ್ದಾನೆ. ಹುಡುಗಿ ಚೊಚ್ಚಲ ಬಸುರಿಯಾಗಿ ಏಳರಲ್ಲಿ ತವರಿಗೆ ಬಂದಳು, ಕುಬಸ ಗೊತ್ತಾಯಿತು. ಅವಳಿಗೆ ಇದ್ದ ಆಸೆ ಒಂದೇ. ತಾನು ಆಡಿ ಬೆಳೆದ ಓಣಿಯ ಹೆಂಗಸರೆಲ್ಲ ಬಂದು ತನ್ನ ಉಡಿ ತುಂಬಬೇಕು. "ಎಲ್ಲಾರೂ ಬರ್ತಾರಲ್ಲ ಚಿಗವ್ವಾ?" ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದಳು. ಬರುತ್ತಾರೆ ಅಂದೆ. ಬರುತ್ತಾರೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಅದೇ ಭಯದಿಂದ ರಜೆ ಹಾಕಿ ಮುಂಜಾನೆಯೇ ಹೋಗಿ ಓಣಿಯ ಬಾಗಿಲು ಬಾಗಿಲಿಗೆ ನಾನೇ ಕುಂಕುಮ ಕೊಟ್ಟು ಕರೆದು ಬಂದೆ.

ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಹುಡುಗಿ ಮಣೆಯ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು. ಹಾಸಿದ ಜಮಖಾನೆ ಬಹಳ ಹೊತ್ತು ಖಾಲಿಯಿತ್ತು. ಕೊನೆಗೆ ಆಪಾ ಬಂದರು, ಅವರ ಹಿಂದೆ ಒಬ್ಬೊಬ್ಬರಾಗಿ ಓಣಿಯವರೂ ಬಂದರು. ಹುಡುಗಿಯ ಮುಖ ಅರಳಿತು, ನನ್ನ ಉಸಿರು ಮರಳಿತು. ಕುಳಿತ ಮೇಲೆ ನೋಡಿದೆ. ಒಬ್ಬೊಬ್ಬರೂ ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಗಿಸಿಕೊಂಡಿದ್ದರು. ಹುಡುಗಿಯ ಉಡಿ ತುಂಬಲು ಬಂದಿದ್ದಾರೆ, ತಮ್ಮದನ್ನು ಒಡ್ಡುವುದಿಲ್ಲ.

ಅಷ್ಟರಲ್ಲಿ ಬಿಳಿ ಕಾರು ಬಂತು. ಮೇಡಂ ಫೋನು ಎತ್ತಿ ಹಿಡಿದುಕೊಂಡೇ ಒಳಗೆ ಬಂದಳು. "ಮೊದಲ ತಾಯಿ ಉಡಿ ತುಂಬ್ಲಿ, ವಿಡಿಯೋ ಮಾಡ್ಲಿಕತ್ತೀನಿ," ಅಂದು ಅಕ್ಕನ ಕೈಗೆ ಒಂದು ಡಬ್ಬ ಕೊಟ್ಟಳು. ಬಸುರಿಯರಿಗೆಂದೇ ಮಾಡಿದ ಪುಡಿಯಂತೆ. ಅಕ್ಕ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಕಣ ಇಟ್ಟಳು. ಒಂದು ಗಳಿಗೆ ಮೇಡಂ ಮುಖ ನೋಡಿದಳು. ಆಮೇಲೆ ಆ ಡಬ್ಬವನ್ನೂ ಮಗಳ ಉಡಿಗೆ ಇಟ್ಟಳು.

ಹುಡುಗಿ ಬಗ್ಗಿ ಉಡಿ ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಮೆಲ್ಲಗೆ ಕೇಳಿದಳು: "ಅವ್ವಾ, ಇದರ ರೊಕ್ಕ ಯಾವಾಗ ಕೇಳ್ತಿ?"

"ಹುಡುಗಿ ಭಾಳ ಚಾಷ್ಟಿ ಮಾಡ್ತಾಳ," ಎಂದು ಮೇಡಂ ನಕ್ಕಳು. ಅವಳ ಜೊತೆ ಯಾರೂ ನಗಲಿಲ್ಲ. ಉಡಿಗೆ ಬಿದ್ದದ್ದನ್ನು ತೆಗೆಯಬಾರದು, ಅದರಲ್ಲೂ ಬಸುರಿಯ ಉಡಿಯಿಂದ. ಅದನ್ನು ಓಣಿಗೆಲ್ಲ ಹೇಳಿಕೊಟ್ಟವಳೇ ಅಕ್ಕ. ಅವಳು ಕೈ ಚಾಚಿ ಡಬ್ಬ ತೆಗೆದು ಮೇಡಂ ಕೈಗೆ ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. "ನಡೀರಿ ಇನ್ನ. ಕಾರಿಗೆ ಬಿಸಲು ತಾಕ್ತದ," ಎಂದು ಮೇಡಂಗೆ ಹೇಳಿದವಳು ನಾನು. ಇಂದಿಗೂ ಆ ಮಾತಿನ ಬಗ್ಗೆ ನನಗೆ ಸಂತೋಷವಿದೆ, ಅದಕ್ಕಿಂತ ಕೆಟ್ಟದ್ದು ಹೇಳಲಿಲ್ಲವಲ್ಲ ಎಂಬ ದುಃಖವೂ ಇದೆ.

ಉಳಿದ ಹೆಂಗಸರು ಹುಡುಗಿಯ ಉಡಿ ತುಂಬಿದರು. ತಿರುಗಿ ಅವರ ಉಡಿ ತುಂಬಬೇಕಾದ ಅಕ್ಕ ಹೊರಗೆ ಬರಲಿಲ್ಲ, ಯಾರೂ ಕೇಳಲೂ ಇಲ್ಲ.

ಗಂಡುಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನ ಓಣಿಯವರೆಲ್ಲ ಬಂದರು. ಅಕ್ಕ ಆ ಕಂಪನಿ ಬಿಟ್ಟಿದ್ದಳು, ಮಂಚದ ಕೆಳಗಿನ ಸಾಬೂನಿನಲ್ಲಿ ಭಾವ ಇನ್ನೂ ಸ್ನಾನ ಮಾಡುತ್ತಿದ್ದರು. ಅಕ್ಕಿಯ ಮೊರ ಹಿಡಿದು ಅಕ್ಕ ಮೊದಲು ಆಪಾ ಮುಂದೆ ಬಂದು ನಿಂತಳು. ಆಪಾ ಸೊಂಟದಿಂದ ಸೆರಗು ಬಿಡಿಸಿ ಒಡ್ಡಿದರು. ಅಕ್ಕ ಬೊಗಸೆ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ಕಣ ಇಟ್ಟಳು. ಆಪಾ ಗಂಟು ಕಟ್ಟಲು ಸೆರಗಿನ ತುದಿ ಕೂಡಿಸುತ್ತಿದ್ದಾಗ ಅಕ್ಕ ಅವರ ಕೈ ತಡೆದಳು.

"ನೋಡಿ ಕಟ್ಕೋರಿ ಆಪಾ," ಅಂದಳು.

ಆಪಾ ನೋಡಲಿಲ್ಲ. ಅವರ ಹಿಂದಿನವರೆಲ್ಲ ಬಗ್ಗಿ, ಅಕ್ಕಿಯಲ್ಲಿ ಬೆರಳಾಡಿಸಿ ನೋಡಿಯೇ ಕಟ್ಟಿಕೊಂಡರು. ಅವರು ನೋಡಿ ಮುಗಿಸುವ ತನಕ ಅಕ್ಕ ಮೊರ ಹಿಡಿದು ಒಬ್ಬೊಬ್ಬರ ಮುಂದೆಯೂ ಕಾದು ನಿಂತಳು.