ಮಾಳಿಗೆಯ ಮೇಲೆ ನಿಂತು ನೋಡಿದ ಟಿವಿ

ಮೊನ್ನೆ ಒಗೆದ ಬಟ್ಟೆ ಹರವಲು ಮಾಳಿಗೆ ಹತ್ತಿದ್ದೆ. ಕಲಬುರಗಿಯ ಶಹಾಬಜಾರದ ನಮ್ಮ ಓಣಿಯಲ್ಲಿ ಮಾಳಿಗೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಪಕ್ಕದವರ ಹಳೆಯ ಆ್ಯಂಟೆನಾ ಕಂಬಕ್ಕೇ ನಮ್ಮ ಹಗ್ಗದ ಒಂದು ತುದಿ. ಸಡಿಲಾಗಿದ್ದ ಗಂಟನ್ನು ಬಿಗಿದು ಕೆಳಗೆ ಬಂದು ಮುಖ ಒರೆಸಿಕೊಂಡೆ ನೋಡಿ, ಅಂಗೈಯಿಂದ ಕಾದ ಕಬ್ಬಿಣದ, ತುಕ್ಕಿನ ವಾಸನೆ. ಅಲ್ಲೇ ಕೂತುಬಿಟ್ಟೆ. ನನ್ನ ಬಾಲ್ಯದ ಶನಿವಾರಗಳಿಗೆಲ್ಲ ಇದೇ ವಾಸನೆ.

ಕಮಲಾಪುರದ ನಮ್ಮ ಓಣಿಗೆ ಆಗ ಒಂದೇ ಟಿವಿ, ಮಾಸ್ತರ ಮನೆಯದು. ವಾರಕ್ಕೊಂದು ಸಂಜೆ ಕಲಬುರಗಿಯಿಂದ ಮಕ್ಕಳ ಕಾರ್ಯಕ್ರಮ ಬರುತ್ತಿತ್ತು. ಬರುತ್ತಿತ್ತು ಅನ್ನುವುದಕ್ಕಿಂತ, ಬಂದರೆ ಬರುತ್ತಿತ್ತು. ಅಷ್ಟು ದೂರ ಬರುವಷ್ಟರಲ್ಲಿ ಅದಕ್ಕೂ ದಣಿವಾಗುತ್ತಿತ್ತೋ ಏನೋ, ಪರದೆ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಓಣಿಯ ಹುಡುಗಿಯರಲ್ಲಿ ಎಲ್ಲರಿಗಿಂತ ಉದ್ದ ಇದ್ದವಳು ನಾನು. ಒಮ್ಮೆ ನನ್ನನ್ನೇ ಅವರ ಮಾಳಿಗೆ ಹತ್ತಿಸಿದರು. ಆ್ಯಂಟೆನಾ ಕಂಬ ಹಿಡಿದು ತಿರುಗಿಸಿದೆ.

“ಬಂತು! ಬಂತು!” ಎಂದು ಕೆಳಗಿನಿಂದ ಕೂಗು. ಕೈಬಿಟ್ಟೆ. “ಹೋತು!” ಮತ್ತೆ ಹಿಡಿದೆ. “ಬಂತು!”

ಬೇರೆ ಯಾರು ಹಿಡಿದರೂ ಬರುತ್ತಿರಲಿಲ್ಲ. ಮಾಸ್ತರ ಹೆಂಡತಿ ಅಂಗಳಕ್ಕೆ ಬಂದು, “ಇಕಿ ಕೈಯಾಗ ಏನೋ ಅದ ನೋಡ್ರಿ. ಏ ಉದ್ದಕ್ಕಾ, ಬಿಡಬ್ಯಾಡ ಮತ್ತ!” ಅಂದರು. ನಾನು ಉಬ್ಬಿಹೋದೆ. ಕಂಬ ಹಿಡಿದವಳಿಗೆ ಟಿವಿ ಕಾಣುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಆ ಕೆಲಸ ನನಗೇ ಕಾಯಂ ಆಗಿತ್ತು.

ಪ್ರತಿ ಶನಿವಾರ ಮೇಲೆ ನಾನು, ಒಣಹಾಕಿದ ಮೆಣಸಿನಕಾಯಿ, ಇಳಿಬಿಸಿಲು. ಕೆಳಗೆ ಎಲ್ಲರೂ ಒಟ್ಟಿಗೆ ನಗುತ್ತಿದ್ದರು. ಏಕೆ ನಕ್ಕರೆಂದು ತಿಳಿಯದೆ ನಾನೂ ಒಂದಷ್ಟು ನಕ್ಕುಬಿಡುತ್ತಿದ್ದೆ. ಮುಗಿದ ಮೇಲೆ ಇಳಿದು ಬಂದು ಗೆಳತಿ ನೀಲವ್ವನ ಕೈ ಹಿಡಿದು ಕೇಳುತ್ತಿದ್ದೆ: “ಏನಾತು ಹೇಳ?”

ನೀಲವ್ವ ಮನೆ ತಲುಪುವವರೆಗೂ ಹೇಳುತ್ತಿದ್ದಳು. ಆ ಕಾರ್ಯಕ್ರಮದಲ್ಲಿ ಒಂದು ಆಡಿನ ಮರಿ ಇತ್ತು. ಅದು ಶಾಲೆಗೆ ಹೋಗಿ ಹಾಜರಿ ಪುಸ್ತಕ ತಿಂದಿತು; ಯಾರು ಬಂದಿದ್ದಾರೆ, ಯಾರು ಬಂದಿಲ್ಲ ತಿಳಿಯದೆ ಎಲ್ಲರಿಗೂ ರಜೆ ಸಿಕ್ಕಿತು. ಇನ್ನೊಂದು ವಾರ ಬಾಳೆಹಣ್ಣಿನ ಬಂಡಿಯಲ್ಲಿ ಮಲಗಿ ಸಂತೆಯಲ್ಲಿ ಎಚ್ಚರಾಗಿ, ತನ್ನದೇ ದರ ಕೇಳಿದವನಿಗೆ ಒದ್ದಿತು. ಎಂಥ ಕಾರ್ಯಕ್ರಮ ಅಂತೀರಿ! ಮುಂದೆ ನನ್ನ ಮಗಳು ಅಶ್ವಿನಿಗೆ ತುತ್ತು ತಿನ್ನಿಸಿದ್ದೆಲ್ಲ ಅದೇ ಆಡಿನ ಕಥೆ ಹೇಳಿ. ಟಿವಿಯಲ್ಲಿ ನೋಡಿದ್ದು ಎಂದೇ ಹೇಳಿದ್ದೆ.

ಆ ಅಶ್ವಿನಿ ಈಗ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತರೆ ಮುಗಿಯಿತು. ನಮ್ಮ ಮನೆಯವರು ಕಪನೂರಿನ ಬೇಳೆ ಮಿಲ್ಲಿನಿಂದ ಬಂದು, ಉಂಡು, ಫೋನು ನೋಡುತ್ತಲೇ ನಿದ್ದೆ ಹೋಗುತ್ತಾರೆ. ಇಬ್ಬರೂ ಆರೋಗ್ಯವಾಗಿದ್ದಾರೆ, ಹೊತ್ತಿಗೆ ಮನೆ ಸೇರುತ್ತಾರೆ. ಅದಕ್ಕೆ ದಿನವೂ ಶಿವನಿಗೆ ಕೈಮುಗಿಯುತ್ತೇನೆ. ಆದರೆ ಮನೆಯಲ್ಲಿ ನನ್ನನ್ನು ಕೂಗಿ ಕರೆಯುವುದು ಕುಕ್ಕರೊಂದೇ.

ತುಕ್ಕಿನ ವಾಸನೆಯ, ಆ ಕಾರ್ಯಕ್ರಮದ ಮಾತು ತೆಗೆದಾಗ ಅಶ್ವಿನಿ ಫೋನಿನಲ್ಲಿ ಹುಡುಕಿದಳು. “ಅವ್ವಾ, ನಿನ್ನ ಪ್ರೋಗ್ರಾಂ ಯಾರೋ ಹಾಕ್ಯಾರ ನೋಡು.” ಚಾಪೆಯ ಮೇಲೆ ಮಕ್ಕಳು, ನೂಲಿನ ಸೀರೆಯುಟ್ಟ ಒಬ್ಬ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ಹಾಡು ಹೇಳಿಸಿದರು, ಕಾಗದದ ದೋಣಿ ಮಾಡಿಸಿದರು. ಮುಂದಿನದರಲ್ಲೂ ಅದೇ. ಇದ್ದವನ್ನೆಲ್ಲ ನೋಡಿದೆ.

“ಆಡು ಎಲ್ಲಿ?”

“ಎಲ್ಲ್ಯದ ಬೇ ಆಡು? ನೀ ಯಾವುದೋ ಬ್ಯಾರೆ ಚಾನೆಲ್ ನೋಡಿರಬೇಕು.”

ಅವಳು ನಕ್ಕಳು. ನನಗೆ ಆ ಹೊತ್ತಿನ ಊಟ ಸೇರಲಿಲ್ಲ. ಆಡು ಇರದಿದ್ದರೆ, ಅಷ್ಟು ಸಂಜೆಗಳಲ್ಲಿ ನಾನು ಬರೀ ಕಂಬ ಹಿಡಿದು ನಿಂತಿದ್ದೆ, ಅಷ್ಟೇ. ಸೋಮವಾರ ಪೂಜೆ ಮುಗಿಸಿ ಕಮಲಾಪುರದ ಬಸ್ಸು ಹತ್ತಿದೆ.

ಗಂಡ ಹೋದ ಮೇಲೆ ನೀಲವ್ವ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾಳೆ. ಬಡಿಯುತ್ತಲೇ ನನ್ನ ಪ್ರಶ್ನೆ ಕೇಳಿ, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

“ಹುಚ್ಚಿ! ಟಿವ್ಯಾಗ ಆಡು ಎಲ್ಲಿಂದ ಬರಬೇಕು? ಆ ಬಾಯಾರು ದೋಣಿ ಮಾಡತಿದ್ರು. ನನಗ ಆಕಳಿಕಿ ಬರತಿತ್ತು.”

“ಮತ್ತ ನನಗ್ಯಾಕ ಹಂಗ ಹೇಳಿದಿ?”

“ಅಷ್ಟೊತ್ತು ಬಿಸಲಾಗ ಕಂಬ ಹಿಡಕೊಂಡು ನಿಂತಾಕಿ, ಇಳದು ಬಂದು ಏನಾತು, ಏನಾತು ಅಂತಿದ್ದಿ. ದೋಣಿ ಮಾಡಿದ್ರು ಅಂತ ಯಾವ ಬಾಯಿಲೆ ಹೇಳಲಿ?” ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು. “ಖರೇ ಅಂದ್ರ ನಾ ಟಿವಿ ನೋಡತಿದ್ದಿಲ್ಲ. ಇವತ್ತ ಉದ್ದಕ್ಕಗ ಏನ್ ಹೇಳಲಿ ಅಂತ ಅದೇ ಚಿಂತಿ.”

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊಗೆ ಅಂದೆ. ಅವಳು ಒಲೆ ಬಿಟ್ಟು ಗ್ಯಾಸಿಗೆ ಬಂದು ಎಷ್ಟೋ ವರ್ಷವಾಗಿದೆ.

ಹೊರಡುವಾಗ ಅವಳು ಕೇಳಿದಳು: “ಕಲಬುರ್ಗ್ಯಾಗ ಏನ್ ವಿಶೇಷ?”

“ಏನಿಲ್ಲ ನೀಲಿ, ಎಲ್ಲಾ ಅದೇ ಅದ.”

“ಹೂಂ” ಅಂದು ಮತ್ತೆ ರೊಟ್ಟಿಗೆ ತಿರುಗಿದಳು. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ನನಗೆ ಅದು ಚುಚ್ಚಿತು. ದಿನವಿಡೀ ಹಂಚಿನ ಮುಂದೆ ಒಬ್ಬಳೇ ಕೂರುವವಳು ಕೇಳಿದ್ದಳು. ನಾನು ಆ ಕಾಗದದ ದೋಣಿಯಷ್ಟು ಸುದ್ದಿಯನ್ನೂ ಕೊಡದೆ ಬಂದಿದ್ದೆ.

ಮರುದಿನ ಅವಳು ರೊಟ್ಟಿ ಬಡಿಯುವ ಹೊತ್ತಿಗೆ ಫೋನು ಮಾಡಿದೆ. ಸುಳ್ಳಾಡಿದ ರೂಢಿ ನನಗಿಲ್ಲ. ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿಕೊಂಡೆ.

“ನೀಲಿ, ನಿನ್ನೆ ಹೇಳೂದು ಮರ್ತೆ. ನಮ್ಮ ಓಣ್ಯಾಗ ಒಂದು ಎಮ್ಮಿ ಬಂದದ. ಬಂಗಾರದ ಅಂಗಡಿ ಬಾಗಲಾಗ ಕುಂತದ, ಯಾರು ಬಂದ್ರೂ ಏಳವಲ್ದು. ಸಾವಕಾರ ಒಳಗ ಸಿಕ್ಕೊಂಡಾನ.”

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಆಮ್ಯಾಲ?” ಅಂದಳು ನೀಲವ್ವ.