ಆಹೇರಿಗೆ ಬಂದ ಪ್ರೊಸೆಸರ್

ಕಂಪ್ಯೂಟರಿನ ವಿಷಯದಲ್ಲಿ ನಮ್ಮ ಕಡೆಯ ಜನರ ಬುದ್ಧಿಯನ್ನು ನಾನು ಎಂದೂ ಗೌರವಿಸಿದವಳಲ್ಲ. ಬೀದರಿನ ಒಂದು ಅಂಗಡಿಯಲ್ಲಿ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವುದು ನನ್ನ ಕೆಲಸ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಎಲ್ಲಾಕ್ಕಿಂತ ದೊಡ್ಡ ಪ್ರೊಸೆಸರ್ ಯಾವದರಿ?" ಅದರಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ನಾನು ಕೇಳಿದರೆ ಉತ್ತರ ಕೊಡದೆ, ಅಂಗಡಿಯೊಳಗೆ ಯಾರಾದರೂ ಗಂಡಸರಿದ್ದಾರೆಯೇ ಎಂದು ಇಣುಕುತ್ತಿದ್ದರು.

ಎರಡು ವರ್ಷ ಮಳೆ ಕೈಕೊಟ್ಟಿದ್ದ ಕಾಲ. ಔರಾದ ತಾಲೂಕಿನ ಹಳ್ಳಿಗಳಿಂದ ಜನ ಪುಣೆಗೆ, ಹೈದರಾಬಾದಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಊರು ಬಿಡುವ ಮುಂಚೆ ಪ್ರತಿ ಮನೆಗೂ ಒಂದಲ್ಲ ಒಂದು ಅರ್ಜಿ ಹಾಕುವುದಿರುತ್ತಿತ್ತು. ಇದನ್ನು ನೋಡಿ ಠಾಣಾ ಕುಶನೂರಿನ ಒಬ್ಬ ಆಸಾಮಿ ಆನ್‌ಲೈನ್ ಸೆಂಟರ್ ತೆರೆದ. ತೆರೆದ ಅನ್ನುವುದಕ್ಕಿಂತ ಅವನ ಬೀಗರು ತೆರೆಸಿದರು ಅನ್ನಬೇಕು.

ನಮ್ಮಲ್ಲಿ ಮದುವೆಗೆ ಆಹೇರಿ, ಅಂದರೆ ಉಡುಗೊರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಯಾರು ಏನು ಕೊಟ್ಟರೆಂದು ಊರಿಗೆಲ್ಲ ಕೇಳಿಸದಿದ್ದರೆ ಕೊಟ್ಟವರಿಗೆ ಉಂಡದ್ದು ಕರಗುವುದಿಲ್ಲ. ಈ ಮಹಾನುಭಾವರು ನಮ್ಮ ಅಂಗಡಿಗೆ ಬಂದು ಕಂಪ್ಯೂಟರನ್ನೂ ಹಾಗೆಯೇ ಪಾಲು ಮಾಡಿಕೊಂಡರು. ಖಟಕ ಚಿಂಚೋಳಿಯ ಮಾವ ಪ್ರೊಸೆಸರ್ ಹಿಡಿದ, ಅದೂ ಅತಿ ದೊಡ್ಡದು. ಭಾಲ್ಕಿಯ ಷಡ್ಡಕ ಭಾಗಗಳನ್ನೆಲ್ಲ ಒಳಗೆ ಕೂಡಿಸುವ, ಬಣ್ಣದ ದೀಪ ಉರಿಯುವ ಗಾಜಿನ ಡಬ್ಬಿ ಹಿಡಿದ. ಭಾವಮೈದುನನಿಗೆ ಗೋಡೆಯಷ್ಟಗಲದ ಪರದೆ. ಉಳಿದದ್ದು ರ‍್ಯಾಮ್, ನಡೆಯುತ್ತಿರುವ ಕೆಲಸವನ್ನೆಲ್ಲ ಹರವಿಕೊಳ್ಳುವ ಗೇಣುದ್ದದ ಪಟ್ಟಿ. ಒಳಗೆ ಹೋದರೆ ಯಾರ ಕಣ್ಣಿಗೂ ಬೀಳದು. ಅದಕ್ಕೆ ಯಾರೂ ಕೈ ಚಾಚಲಿಲ್ಲ.

"ಕಾಕಾ, ಪ್ರೊಸೆಸರ್ ಒಂದ್ ಪಾವಟಿಗಿ ಕೆಳಗಿಂದು ತಗೋರಿ, ರ‍್ಯಾಮ್ ಹೆಚ್ಚು ಹಾಕಸ್ರಿ," ಎಂದೆ ಮಾವನಿಗೆ. "ಒಲಿ ಎಷ್ಟ ದೊಡ್ಡದಿದ್ರೇನು, ಹಿಟ್ಟು ನಾದೋ ಪರಾತ ಅಂಗೈ ಅಷ್ಟ ಇದ್ರ ರೊಟ್ಟಿ ಹ್ಯಾಂಗ ಆಗ್ತಾವರಿ?"

"ತಂಗಿ, ಒಂದ್ ಪಟ್ಟಿ ಕೊಟ್ಟೀನಂತ ಮೈಕಿನಾಗ ಹ್ಯಾಂಗ ಹೇಳಸ್ಲಿ? ಮಂದಿ ನಗ್ತಾರ."

ಹಾಳಾಗಿ ಹೋಗಲಿ ಎಂದು ಇದ್ದುದರಲ್ಲೇ ಕಡಿಮೆ ರ‍್ಯಾಮ್, ಹಳೆಯದೊಂದು ಹಾರ್ಡ್ ಡಿಸ್ಕ್ ಹಾಕಿ ಕಳಿಸಿದೆ. ಉದ್ಘಾಟನೆಯ ದಿನ ಮಾವನ ಹೆಸರನ್ನು ಮೂರು ಸಲ ಕೂಗಿದರಂತೆ.

ತಿಂಗಳು ಕಳೆಯುವುದರೊಳಗೆ ಒಂದು ಮುಂಜಾನೆ ಸೆಂಟರಿನವನ ಫೋನು. "ಮೇಡಂರೀ, ಮಷಿನ್ ಭಾಳ ತ್ರಾಸ ಕೊಡ್ಲತ್ತದರಿ. ಪ್ರೊಸೆಸರ್ ಇನ್ನಾ ದೊಡ್ಡದು ಬೇಕೇನೋ. ಇವತ್ತ ಬಂದು ನೋಡ್ರಿ, ಅರ್ಜಿ ಹಾಕೋ ಮಂದಿ ಕುಂತಾರ."

ನಗು ಬಂತು. ಬೇಕಾದ ರ‍್ಯಾಮ್ ನನ್ನ ಮೇಜಿನ ಡ್ರಾವರಿನಲ್ಲೇ ಇತ್ತು. ಕೈಗೆ ತೆಗೆದುಕೊಂಡು, ಮತ್ತೆ ಒಳಗಿಟ್ಟೆ. ಅವರೇ ಬಾಯಿಬಿಟ್ಟು ಕೇಳಲಿ, ಆ ಮಾವನ ಎದುರಿಗೇ ಕೇಳಲಿ, ಆಮೇಲೆ ತಂದರಾಯಿತು. ಅಂಗಡಿಯ ಕೆಲಸ ಮುಗಿಸಿಕೊಂಡು, ಬರೀ ಸ್ಕ್ರೂಡ್ರೈವರ್ ಹಿಡಿದು ಬಸ್ ಹತ್ತಿದೆ.

ನಾನು ಹೋಗಿ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಡಬ್ಬಿಯ ದೀಪಗಳು ಕೆಂಪು ನೀಲಿ ಕುಣಿಯುತ್ತಿದ್ದವು, ಪರದೆ ಕಲ್ಲಾಗಿ ನಿಂತಿತ್ತು. ಎದುರಿಗೆ ಎಕಂಬಾದ ಒಬ್ಬ ತಾಯಿ, ಪಕ್ಕದಲ್ಲಿ ಏಳನೇ ತರಗತಿ ಮುಗಿಸಿದ ಮಗಳು. ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆಯ ದಿನ, ಸಂಜೆ ಐದೂವರೆಯವರೆಗೆ. ಊರಿನಲ್ಲಿದ್ದುದು ಅದೊಂದೇ ಸೆಂಟರ್.

"ಹಾಸ್ಟೆಲ್ ಸಿಕ್ರ ಇಕಿ ಸಾಲಿ ಕಲೀತಾಳರಿ," ಎಂದಳು ತಾಯಿ. "ಇಲ್ಲಂದ್ರ ನಾಳಿ ಮುಂಜಾನಿ ನಮ್ಮ ಸಂಗಟ ಪುಣೆಕ ಬರಬೇಕು. ಮನ್ಯಾಗ ಬಿಡ್ಲಿಕ್ಕ ಯಾರೂ ಇಲ್ಲರಿ."

ಕೂತು ನೋಡಿದೆ. ಮಾವನ ಪ್ರೊಸೆಸರ್ ಕೆಲಸವಿಲ್ಲದೆ ಆಕಳಿಸುತ್ತಿತ್ತು, ರ‍್ಯಾಮ್ ತುಂಬಿ ತುಳುಕುತ್ತಿತ್ತು, ಡಿಸ್ಕ್ ನರಳುತ್ತಿತ್ತು. ದೀಪ ಕುಣಿಸುವ ಪ್ರೋಗ್ರಾಮಿನಿಂದ ಹಿಡಿದು ಕಂಡದ್ದನ್ನೆಲ್ಲ ಮುಚ್ಚಿದೆ. ಹುಡುಗಿಯ ಫೋಟೊ ಹೋಯಿತು. ಅಂಕಪಟ್ಟಿ ಸ್ಕ್ಯಾನ್ ಮಾಡುತ್ತಿದ್ದಂತೆ ಪರದೆ ಮತ್ತೆ ಕಲ್ಲಾಯಿತು. ಅದು ಎಚ್ಚರಾಗುವುದರೊಳಗೆ ವೆಬ್‌ಸೈಟು ಸಮಯ ಮೀರಿತೆಂದು ಹೊರಹಾಕಿತು. ಮೊದಲಿನಿಂದ ತುಂಬಿದೆ. ಹುಡುಗಿ ತನ್ನ ಹುಟ್ಟಿದ ದಿನಾಂಕವನ್ನು ಮತ್ತೆ ಬಾಯಿಪಾಠ ಒಪ್ಪಿಸಿದಳು. ಕೊನೆಯ ಗುಂಡಿ ಒತ್ತಿದಾಗ ಐದೂ ಇಪ್ಪತ್ತೆಂಟು. ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಐದೂವರೆ ದಾಟಿತು.

"ಪ್ರೊಸೆಸರ್ ಬದಲಿ ಮಾಡಬೇಕೇನ್ರಿ?" ಎಂದ ಸೆಂಟರಿನವನು. ಅವನ ಕಪಾಳಕ್ಕೆ ಬಿಡಬೇಕೆನ್ನಿಸಿತು. ಆದರೆ ಡ್ರಾವರ್ ಮುಚ್ಚಿ ಬಂದವಳು ನಾನು.

ತಾಯಿ ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ನನಗೆ ಕೈಮುಗಿದಳು. "ನಮ್ಮ ಸಲುವಾಗಿ ಬೀದರದಿಂದ ಬಂದ್ರಿ, ಉಪಕಾರ ಆತ್ರಿ. ಇಷ್ಟ ದೊಡ್ಡ ಮಷಿನ್ನಿನಾಗೇ ಆಗಲಿಲ್ಲಂದ್ರ ನೀವರ ಏನ್ ಮಾಡ್ತೀರಿ?"

ನಾನು ಸ್ಕ್ರೂಡ್ರೈವರ್ ಎತ್ತಿಕೊಂಡು ಎದ್ದೆ. ಡ್ರಾವರಿನಲ್ಲಿ ಬಿಟ್ಟು ಬಂದದ್ದನ್ನು ಹೇಳುವ ಧೈರ್ಯವಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ರ‍್ಯಾಮ್ ತಂದು ಕೂಡಿಸಿದೆ. ಐದು ನಿಮಿಷದ ಕೆಲಸ. ಸೆಂಟರಿನವನು ಹಿಗ್ಗಿಹೋದ. "ನೋಡ್ರಿ, ಈಗ ನಮ್ಮ ಮಾವಂದು ಪ್ರೊಸೆಸರ್ ಹ್ಯಾಂಗ ಓಡ್ಲತ್ತದ!" ಅಂಥವನನ್ನು ಬೈದು ಬಾಯಿ ಹೊಲಸು ಮಾಡಿಕೊಳ್ಳುವುದು ಬೇಡವೆನ್ನಿಸಿತು. ನನ್ನನ್ನು ಬೈದುಕೊಳ್ಳುವುದೇ ಬೇಕಾದಷ್ಟಿತ್ತು.

ತಾಯಿ ಮಗಳನ್ನು ಪುಣೆಗೆ ಒಯ್ಯುವ ಎಕಂಬಾದ ಟೆಂಪೊ ಆಗಲೇ ಹೋಗಿತ್ತು. ಪರೀಕ್ಷಿಸಲೆಂದು ಹಾಸ್ಟೆಲ್ ಅರ್ಜಿಯ ಪುಟ ತೆರೆದೆ. ಕಣ್ಣು ಮಿಟುಕಿಸುವುದರೊಳಗೆ ಬಂತು: ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ.